ಕೆಟ್ಟದ್ದು ನೂಲು, ಕೈಯಲ್ಲ

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು. ದಸರಾ ರಜೆ ಮುಗಿದ ಮೇಲೆ ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಅದನ್ನು ತಪ್ಪೆಂದು ಒಪ್ಪಿಕೊಳ್ಳಲು ಇದನ್ನು ಬರೆಯುತ್ತಿಲ್ಲ — ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ನಾನು ಒಪ್ಪಿಕೊಳ್ಳಬೇಕಾದದ್ದು ಬೇರೆ. ನಾಲ್ಕು ವರ್ಷದ ಹಿಂದೆ ಸುಗುಣ ಎಂಬ ಹೆಣ್ಣುಮಗಳಿಗೆ ಸಾಫ್ಟ್‌ವೇರ್ ಕೆಲಸಕ್ಕೆಂದು ಒಂದು ಲ್ಯಾಪ್‌ಟಾಪು ಆರಿಸಿಕೊಟ್ಟೆ. ಆರಿಸಿದ್ದು ತಪ್ಪಾಗಿತ್ತು. ತಪ್ಪಾಗಿದೆ ಎಂದು ಕಣ್ಣಾರೆ ಕಂಡ ದಿನ, ಮಿಷಿನ್ನು ಸರಿಯಾಗಿದೆ, ಸರಿಯಿಲ್ಲದಿರುವುದು ನೀನು ಎಂದು ಅವಳ ಮುಖಕ್ಕೇ ಹೇಳಿದೆ. ಅವಳು ನಂಬಿದಳು.

ಅವಳು ನಂಬುತ್ತಾಳೆ ಎಂದು ನನಗೆ ಗೊತ್ತಿತ್ತು. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಕೈ ಬರುತ್ತದೋ ಇಲ್ಲವೋ.

ನನ್ನ ಹೆಸರು ಮಾದೇವ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ನಮ್ಮ ಮಗ್ಗದ ಬೀದಿಗೆ ಹೋಗುವ ದಾರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಶಾಲೆ ಬಿಟ್ಟ ಮೇಲೆ ಐದು ವರ್ಷ ಅಪ್ಪನ ಪಕ್ಕದ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದೆ. ಆಮೇಲೆ ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿ ಬೆಸುಗೆ ಹಾಕುವುದು ಕಲಿತೆ. ಅಲ್ಲಿಂದ ಮೊಬೈಲು, ಮೊಬೈಲಿನಿಂದ ಲ್ಯಾಪ್‌ಟಾಪು. ನನಗೆ ಯಾರೂ ಹೇಳಿಕೊಡಲಿಲ್ಲ. ಇಂಗ್ಲಿಷನ್ನು ನಾನು ಕಲಿತದ್ದು ಬೋರ್ಡಿನ ಮೇಲೆ ಅಚ್ಚಾಗಿರುವ ಸಣ್ಣ ಅಕ್ಷರಗಳಿಂದ, ಭೂತಗನ್ನಡಿ ಹಿಡಿದುಕೊಂಡು. ಹನೂರಿನಿಂದ, ಕೌದಳ್ಳಿಯಿಂದ, ಅತ್ತ ಹೂಗ್ಯಂನಿಂದಲೂ ಕೆಟ್ಟ ಮಿಷಿನ್ನುಗಳನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಾರೆ, 'ಮಾದೇವನ ಅಂಗಡಿ' ಎಂದು ಚೀಟಿ ಅಂಟಿಸಿ. ಓದಿ ಸರ್ಟಿಫಿಕೇಟು ತಗುಲಿಹಾಕಿಕೊಂಡವರು ಕೈಬಿಟ್ಟ ಬೋರ್ಡುಗಳು ನನ್ನ ಮೇಜಿನ ಮೇಲೆ ಎದ್ದು ಕೂತಿವೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ — ನನಗೆ ಕೆಲಸ ಗೊತ್ತಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಯಾರೂ ನನ್ನ ಪರವಾಗಿ ಮಾತಾಡುವುದು ಬೇಡ. ಗೊತ್ತಿತ್ತು.

ಆದರೆ ರಿಪೇರಿಯವನಿಗೆ ಮಿಷಿನ್ನು ಪರಿಚಯವಾಗುವುದು ಅದು ಕೆಟ್ಟು ಬಂದಾಗ. ಯಾವುದರ ಕೀಲು ಮುರಿಯುತ್ತದೆ, ಯಾವುದರ ಚಾರ್ಜರ್ ತೂತು ಸಡಿಲವಾಗುತ್ತದೆ, ಯಾವುದಕ್ಕೆ ಒಂದು ಲೋಟ ಟೀ ಬಿದ್ದರೆ ಮುಗಿಯಿತು — ಇದು ನನಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಯಾವುದು ಯಾವ ಕೆಲಸಕ್ಕೆ ಓಡುತ್ತದೆ ಎನ್ನುವುದು ಇನ್ನೊಂದು ವಿದ್ಯೆ. ಎರಡೂ ಒಂದೇ ಎಂದು ನಾನು ತಿಳಿದಿದ್ದೆ. ಊರಿನವರೂ ಹಾಗೇ ತಿಳಿದಿದ್ದರು, ಕೊಳ್ಳುವ ಮುಂಚೆ ನನ್ನನ್ನೇ ಕೇಳುತ್ತಿದ್ದರು. ಕೇಳಿಸಿಕೊಳ್ಳುವುದು ನನಗೆ ಇಷ್ಟವಾಗಿತ್ತು, ಸುಳ್ಳೇಕೆ.

ಸುಗುಣ ನಮ್ಮ ಮನೆಯಿಂದ ಎರಡು ಬಾಗಿಲಾಚೆಯ ಚೌಡಯ್ಯನವರ ಮಗಳು. ಅವರದೂ ಮಗ್ಗದ ಮನೆ. ಇಲ್ಲೇ ಕಾಲೇಜಿನಲ್ಲಿ ಬಿ.ಸಿ.ಎ. ಮುಗಿಸಿ, ಸೀರೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕುತ್ತಿದ್ದಳು. ಆ ಕೆಲಸ ಮಾಡುತ್ತಲೇ ಫೋನಿನಲ್ಲಿ ಆರು ತಿಂಗಳ ಪಾಠ ಕೇಳಿಕೊಂಡು ಮೊಬೈಲಿನ ಆ್ಯಪು ಮಾಡುವುದನ್ನು ಕಲಿತಿದ್ದಳು. ಯಾವುದೋ ಸಣ್ಣ ಕಂಪನಿಯವರು ಅವಳನ್ನು ಪರೀಕ್ಷೆ ಮಾಡಿ, ಮೂರು ತಿಂಗಳು ಮನೆಯಿಂದಲೇ ಕೆಲಸ ಮಾಡಿ ತೋರಿಸು, ಹಿಡಿಸಿದರೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಒಂದು ಷರತ್ತು: ಲ್ಯಾಪ್‌ಟಾಪು ಅವಳದೇ ಇರಬೇಕು.

ಒಂದು ಸಂಜೆ ಅಂಗಡಿಗೆ ಬಂದಳು. ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ.

"ಮಾದೇವಣ್ಣ, ಊರು ಬುಟ್ಟು ಓಗಂಗಿಲ್ಲ, ಇಲ್ಲೇ ಕೂತ್ಕಂಡು ಮಾಡ್ಬೋದಂತೆ. ನಮ್ಮಪ್ಪ ಮಗ್ಗದ ಕ್ವಾಣೇಲಿ, ನಾನು ಈಚೆ ಕ್ವಾಣೇಲಿ. ಮಿಷಿನ್ ಮಾತ್ರ ನೀವೇ ಆರ್ಸಿಕೊಡ್ಬೇಕು."

"ನಿಮ್ಮಪ್ಪ ಏನಂದ್ರು?"

"ಮಾದೇವ ಏಳ್ದಂಗೆ ಮಾಡು ಅಂದ್ರು."

ಮಾದೇವ ಹೇಳಿದ ಹಾಗೆ ಮಾಡು. ಆ ಮಾತಿಗೆ ನಾನು ಎಷ್ಟು ಉಬ್ಬಿದೆ ಎನ್ನುವುದು ನನಗೊಬ್ಬನಿಗೇ ಗೊತ್ತು.

ಅವಳ ಕೈಯಲ್ಲಿ ಒಂದು ಹಾಳೆ ಇತ್ತು. ಪಾಠ ಹೇಳಿದ ಮೇಡಂ ಹೇಳಿ ಬರೆಸಿದ್ದು. ಅದರಲ್ಲಿ 'ಮೆಮೊರಿ ಹದಿನಾರು, ಕಮ್ಮಿ ಬೇಡ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಮೆಮೊರಿ ಎಂದರೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಕಂಪ್ಯೂಟರು ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಮೇಜು ಇದ್ದ ಹಾಗೆ. ಮೇಜು ಚಿಕ್ಕದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ಹರಡಬೇಕು, ಮತ್ತೆ ಅದನ್ನು ಎತ್ತಿಟ್ಟು ಇದನ್ನು ತರಬೇಕು. ಸುಗುಣಳ ಕೆಲಸದಲ್ಲಿ ಕಂಪ್ಯೂಟರಿನ ಒಳಗೇ ಒಂದು ಸುಳ್ಳು ಮೊಬೈಲು ಎಬ್ಬಿಸಿ, ತಾನು ಬರೆದದ್ದು ಅದರಲ್ಲಿ ಓಡುತ್ತದೋ ಎಂದು ಪ್ರತಿಸಲ ನೋಡಬೇಕು. ಅದಕ್ಕೆ ದೊಡ್ಡ ಮೇಜು ಬೇಕು. ಹಾಳೆಯಲ್ಲಿ ಇದ್ದದ್ದು ಸರಿಯಾಗಿಯೇ ಇತ್ತು.

ಆ ಭಾನುವಾರ ಬಸ್ಸು ಹತ್ತಿ ಇಬ್ಬರೂ ಮೈಸೂರಿಗೆ ಹೋದೆವು. ದೊಡ್ಡ ಅಂಗಡಿ. ಅವಳ ಉಳಿತಾಯಕ್ಕೆ ಎಟುಕುವಂಥವು ಎರಡಿದ್ದವು. ಒಂದು ಕರಿಯದು, ದಪ್ಪ, ಪ್ಲಾಸ್ಟಿಕ್ಕಿನದು, ಮೆಮೊರಿ ಹದಿನಾರು. ಇನ್ನೊಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಲೋಹದ ಮೈ, ಮೆಮೊರಿ ಎಂಟು. ಕರಿಯದರ ಜಾತಿಯವು ಕೀಲು ಮುರಿದುಕೊಂಡು ನನ್ನ ಮೇಜಿಗೆ ಬಂದದ್ದನ್ನು ನೋಡಿದ್ದೆ. ಬೆಳ್ಳಿಯದರ ಮುಚ್ಚಳವನ್ನು ಇಪ್ಪತ್ತು ಸಲ ತೆಗೆದು ಮುಚ್ಚಿದೆ. ಮೂಲೆ ಒತ್ತಿ ನೋಡಿದೆ. ಕೀಲಿಮಣೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಗಟ್ಟಿ ಮಾಲು. ಇದು ನನ್ನ ಅಂಗಡಿಗೆ ವಾಪಸು ಬರುವುದಿಲ್ಲ ಎನಿಸಿತು.

ಮಾರುವ ಹುಡುಗ ಟೈ ಕಟ್ಟಿದ್ದ. "ಸಾರ್, ಕೋಡಿಂಗ್ ಕೆಲಸಕ್ಕಾದ್ರೆ ಕರೀದು ತಗೊಳ್ಳಿ," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ — ಇಲ್ಲ, ಅವನ ಮೇಲೆ ಹಾಕುವುದಿಲ್ಲ. ಅವನು ಕೇಳಿದ್ದು ಇಷ್ಟೇ: "ತಾವು ಈ ಫೀಲ್ಡಲ್ಲಿ ಏನಾದ್ರೂ ಓದಿದ್ದೀರಾ ಸಾರ್?"

ಮರ್ಯಾದೆಯಿಂದಲೇ ಕೇಳಿದ. ನನಗೆ ಮೈ ಉರಿದುಹೋಯಿತು.

"ನೀವು ಮಾರಿದ್ದನ್ನ ರಿಪೇರಿ ಮಾಡೋನು ಕಣಪ್ಪ ನಾನು," ಎಂದೆ.

ಅಲ್ಲಿಗೆ ಕರಿಯದನ್ನು ಕೊಳ್ಳುವ ಬಾಗಿಲು ಮುಚ್ಚಿತು. ಅವನು ತೋರಿಸಿದ್ದನ್ನು ನಾನು ಕೊಳ್ಳುವುದೇ? ಬೆಳ್ಳಿಯದನ್ನು ಮುಂದಕ್ಕೆ ಎಳೆದುಕೊಂಡೆ. ಎಂಟು ಇದೆ, ಇನ್ನೆಂಟು ತರಿಸಿ ಊರಲ್ಲಿ ನಾನೇ ಹಾಕಿಕೊಡುತ್ತೇನೆ, ಐದು ನಿಮಿಷದ ಕೆಲಸ ಎಂದು ಸುಗುಣಳಿಗೆ ಹೇಳಿದೆ. ನಾನು ಅಲ್ಲಿಯವರೆಗೆ ಬಿಚ್ಚಿದ್ದ ಮಿಷಿನ್ನುಗಳಲ್ಲೆಲ್ಲ ಮೆಮೊರಿ ಸಿಕ್ಕಿಸಲು ಜಾಗ ಇರುತ್ತಿತ್ತು. ಆಮೇಲೆ ಸೇರಿಸಿದರಾಯಿತು ಎನ್ನುವುದು ನಮ್ಮ ಮಗ್ಗದವರ ಬುದ್ಧಿ. ಮಗ್ಗಕ್ಕೆ ಕಟ್ಟಿದ ಹಾಸು ಮುಗಿದರೆ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸುತ್ತೇವೆ, ನೇಯ್ಗೆ ಮುಂದುವರಿಯುತ್ತದೆ.

ಸುಗುಣ ಮೆಲ್ಲಗೆ ಕೇಳಿದಳು, "ಅಣ್ಣ, ಮೇಡಂಗೆ ಒಂದು ಫೋನ್ ಮಾಡಿ ಕೇಳ್ಲಾ?"

"ನಿಮ್ಮ ಮೇಡಂ ಎಷ್ಟು ಮಿಷಿನ್ ಬಿಚ್ಚವ್ರೆ?"

ಅವಳು ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.

ಬಿಲ್ಲು ಹಾಕುವ ಮುಂಚೆ ಆ ಹುಡುಗ ವಿವರದ ಹಾಳೆಯನ್ನು ನನ್ನ ಮುಂದೆ ಇಟ್ಟು, "ಮೆಮೊರಿ ವಿಚಾರ ಒಂದ್ಸಲ ಓದ್ಬಿಡಿ ಸಾರ್," ಎಂದ. "ಓದೀವ್ನಿ," ಎಂದೆ. ಓದಿರಲಿಲ್ಲ. ನನಗೆ ಓದಲು ಬರುತ್ತದೆ, ಓದಿದ್ದರೆ ಅರ್ಥವೂ ಆಗುತ್ತಿತ್ತು. ಅವನ ಮುಂದೆ ಬೆರಳಿಟ್ಟು ಸಾಲು ಸಾಲಾಗಿ ಓದುವುದು ನನ್ನಿಂದ ಆಗಲಿಲ್ಲ, ಅಷ್ಟೇ.

ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದು. ಕೆಲಸ ಮಾಡುವವರು ತಪ್ಪುತ್ತಾರೆ, ನಾನೂ ತಪ್ಪಿದೆ. ಇದಕ್ಕಾಗಿ ನಾನು ಯಾರ ಮುಂದೆಯೂ ಕೈಕಟ್ಟಿ ನಿಲ್ಲುತ್ತಿರಲಿಲ್ಲ. ಮುಂದಿನದು ತಪ್ಪಲ್ಲ. ಅದಕ್ಕೆ ಬೇರೆ ಹೆಸರಿದೆ.

ಕೆಲಸ ಶುರುವಾಗಿ ಇಪ್ಪತ್ತು ದಿನವಾಗಿತ್ತು. ಮಧ್ಯಾಹ್ನ ಸುಗುಣ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು — ಪ್ರಿಂಟರು ತಂದಿದ್ದ ಒಬ್ಬ ಮೇಷ್ಟ್ರು, ಫೋನು ತಂದಿದ್ದ ಧನಗೆರೆಯ ಗಂಡಹೆಂಡತಿ, ಸುಮ್ಮನೆ ಕೂರಲು ಬಂದಿದ್ದ ನಮ್ಮ ಬೀದಿಯ ಗುರುವಣ್ಣ.

"ಅಣ್ಣ, ಒಂದು ಸಾಲು ಬದ್ಲಾಯ್ಸಿ ನೋಡಕ್ಕೆ ಏಳು ನಿಮ್ಷ ಆಯ್ತದೆ. ಒಂದೊಂದ್ಸಲ ನಿಂತೇ ಓಯ್ತದೆ. ಮೆಮೊರಿ ಬಂತಾ?"

ಬಂದಿತ್ತು. ಎಂಟರ ಪಟ್ಟಿ ಡ್ರಾಯರಿನಲ್ಲೇ ಇತ್ತು. ಮಿಷಿನ್ನನ್ನು ಬೋರಲು ಹಾಕಿ ಹತ್ತು ಸ್ಕ್ರೂ ಬಿಚ್ಚಿದೆ, ಹಿಂಬದಿಯ ತಗಡನ್ನು ಎಬ್ಬಿಸಿದೆ. ಪಟ್ಟಿ ಸಿಕ್ಕಿಸುವ ಜಾಗವೇ ಇರಲಿಲ್ಲ. ಮೆಮೊರಿಯ ಚಿಪ್ಪುಗಳನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದರು. ಎಂಟು ಎಂದರೆ ಎಂಟು, ಆ ಮಿಷಿನ್ನಿನ ಆಯಸ್ಸು ಪೂರ್ತಿ ಎಂಟು. ಪಟ್ಟಿ ನನ್ನ ಕೈಯಲ್ಲಿತ್ತು, ಅದನ್ನು ಇಡಲು ಜಾಗವಿರಲಿಲ್ಲ.

ಅವಳು ಮೇಜಿನ ಆಚೆ ನಿಂತಿದ್ದಳು, ಒಳಗಿರುವುದು ಅವಳಿಗೆ ಕಾಣುತ್ತಿರಲಿಲ್ಲ. ನಾನು ತಗಡನ್ನು ಮುಚ್ಚಿದೆ. ಹತ್ತು ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿದೆ. ಬಾಯಿ ತಪ್ಪಿ ಬಂತು ಎನ್ನುವ ಹಾಗಿಲ್ಲ. ಹತ್ತು ಸ್ಕ್ರೂ ತಿರುಗಿಸುವಷ್ಟು ಹೊತ್ತು ನನಗೆ ಸಮಯವಿತ್ತು. 'ನಾನು ತಪ್ಪು ಮಾಡಿದೆ ಕಣವ್ವ, ಇದು ನಿನ್ನ ಕೆಲಸಕ್ಕೆ ಆಗಲ್ಲ, ಇದನ್ನು ಮಾರಿ ಬೇರೆ ತರೋಣ' — ಇಷ್ಟು ಮಾತಿಗೆ ಎರಡು ಸ್ಕ್ರೂವಿನಷ್ಟು ಹೊತ್ತು ಸಾಕಾಗಿತ್ತು. ನಾಲ್ಕು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಮಾದೇವ ಬಿಚ್ಚಿ ನೋಡಿದ ಮೇಲೆ ಹೇಳಿದ್ದೇ ಹೇಳಿದ್ದು ಎಂದು ಊರೆಲ್ಲ ಅನ್ನುತ್ತದೆ. ನಾನು ಹೇಳಿದೆ:

"ಬಿಚ್ಚಿ ನೋಡ್ದೆ. ಮಿಷಿನ್ ಸರಿಯಾಗದೆ, ಮೆಮೊರಿ ಆಕೋದೇನ್ ಬೇಕಿಲ್ಲ. ನಿಂಗಿನ್ನೂ ಕೈ ಕೂತಿಲ್ಲ ಕಣವ್ವ."

ಗುರುವಣ್ಣ ನಕ್ಕ. "ಮಗ್ಗದೋರ ಮಗ್ಳಲ್ವಾ, ಲಾಳಿ ಕೊಡು, ಕೈ ಕೂತ್ಕತದೆ!"

ಧನಗೆರೆಯವರೂ ನಕ್ಕರು. ಸುಗುಣಳ ಕಿವಿ ಕೆಂಪಾದವು. "ಊ ಅಣ್ಣ," ಎಂದಳು. ಮಿಷಿನ್ನನ್ನು ಮತ್ತೆ ಎದೆಗವಚಿಕೊಂಡು ಹೋದಳು.

ಬೇರೆ ಯಾರಾದರೂ ಆಗಿದ್ದರೆ — ಬೇರೆ ಬೀದಿಯಲ್ಲಿ ಹುಟ್ಟಿದವಳಾಗಿದ್ದರೆ — ಅದನ್ನು ನನ್ನ ಮೇಜಿನ ಮೇಲೆ ಕುಕ್ಕಿ, ಏನ್ರೀ ಅಂಟಿಸಿದ್ದೀರಿ ನನಗೆ ಎಂದು ಕೇಳುತ್ತಿದ್ದಳು. ಅವಳು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಬೇಕೆಂದರೆ ನಮ್ಮಪ್ಪನ ವಿಷಯ ಹೇಳಬೇಕು.

ನಮ್ಮ ಬೀದಿಯಲ್ಲಿ ನೂಲು ನಮ್ಮದಲ್ಲ. ಯಜಮಾನರು ರೇಷ್ಮೆಯನ್ನೂ ಜರಿಯನ್ನೂ ಕೊಡುತ್ತಾರೆ, ನಾವು ನೇಯ್ದು ಸೀರೆ ಒಪ್ಪಿಸುತ್ತೇವೆ. ಸೀರೆಯಲ್ಲಿ ಕುಂದು ಕಂಡರೆ ಅದು ಯಾವತ್ತೂ ನೇಕಾರನ ಕೈಯ ಕುಂದು. ನೂಲಿನದು ಎಂದು ಒಬ್ಬ ಯಜಮಾನರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಂದು ಸಲ ಅಪ್ಪನಿಗೆ ಬಣ್ಣದಲ್ಲಿ ಹೆಚ್ಚು ಬೆಂದುಹೋದ ರೇಷ್ಮೆ ಬಂತು. ಗೇಣು ನೇಯುವಷ್ಟರಲ್ಲಿ ಹತ್ತು ಕಡೆ ಎಳೆ ಕಡಿಯುತ್ತಿತ್ತು. ಗಂಟು ಹಾಕಿ ಹಾಕಿ ಹೇಗೋ ಮುಗಿಸಿ ಒಯ್ದೆವು. ಯಜಮಾನರು ಸೀರೆಯನ್ನು ಬೆಳಕಿಗೆ ಹಿಡಿದರು.

"ನೂಲು ಸರಿಯಾಗದೆ. ನಿನ್ ಕೈ ಕೆಟ್ಟೋಗದೆ ಕಣಯ್ಯ."

ಅಪ್ಪ, "ಊ ಯಜಮಾನ್ರೇ," ಎಂದರು.

ಮನೆಗೆ ಬಂದು ಉಳಿದ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ, ಟಪ್ಪೆಂದು ಹರಿಯಿತು. ಅಪ್ಪನ ಮುಂದೆಯೇ ಎಳೆದೆ. ಅವರು ಅದನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ಆ ತಿಂಗಳೆಲ್ಲ ಲಾಳಿ ಎಸೆಯುವಾಗ ಕೈಯನ್ನು ತಡೆದು ತಡೆದು ಎಸೆಯುತ್ತಿದ್ದರು, ಹೊಸದಾಗಿ ಕಲಿಯುವವರ ಹಾಗೆ. ಮೂವತ್ತು ವರ್ಷ ನೇಯ್ದ ಕೈ ಅದು. ನಾನು ಅದೇ ವಾರ ಮಗ್ಗದಿಂದ ಎದ್ದೆ. ಇನ್ನೊಬ್ಬನ ಕೆಟ್ಟ ನೂಲಿಗೆ ನನ್ನ ಕೈ ಒಡ್ಡುವುದಿಲ್ಲ ಎಂದು ಅಪ್ಪನ ಮುಂದೆ ಕೂಗಾಡಿ ಎದ್ದೆ. ಈ ಕಥೆಯನ್ನು ಇಪ್ಪತ್ತು ವರ್ಷದಿಂದ ಅಂಗಡಿಗೆ ಬಂದವರಿಗೆಲ್ಲ ಎದೆ ಉಬ್ಬಿಸಿ ಹೇಳಿದ್ದೇನೆ.

ಅದೇ ನಾನು, ಅದೇ ಬೀದಿಯ ಮಗಳಿಗೆ, ಅದೇ ಮಾತು. ನೂಲು ಸರಿಯಾಗಿದೆ, ನಿನ್ನ ಕೈ ಸರಿಯಿಲ್ಲ. ನಮ್ಮಲ್ಲಿ ಹುಟ್ಟಿದವರಿಗೆ ಹಾಗೆಂದರೆ ಅವರು ನೂಲನ್ನು ನೋಡುವುದಿಲ್ಲ, ತಮ್ಮ ಕೈಯನ್ನು ನೋಡಿಕೊಳ್ಳುತ್ತಾರೆ. ಅದು ಗೊತ್ತಿದ್ದೇ ಆ ಮಾತನ್ನು ನಾನು —

ಆರಿಸಿಕೊಂಡೆ. ಹೌದು, ಆರಿಸಿಕೊಂಡೆ.

ಆಮೇಲೆ ಸುಗುಣ ಏನು ಮಾಡಿದಳು ಗೊತ್ತೇ? ಟೈಪಿಂಗ್ ಕ್ಲಾಸಿಗೆ ಸೇರಿದಳು. ಕೈ ಕೂತಿಲ್ಲ ಎಂದರಲ್ಲ ಅಣ್ಣ, ಕೈ ಕೂರಿಸಿಕೊಳ್ಳೋಣ ಎಂದು. ದಿನಾ ಬೆಳಿಗ್ಗೆ ಎಂಟಕ್ಕೆ ನನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದಳು. ಇಂಗ್ಲಿಷ್ ಟೈಪಿಂಗು, ಒಂದು ಗಂಟೆ. ನಾನು ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿರುತ್ತಿದ್ದೆ. "ಈಗ ಕೈ ಓಡ್ತದೆ ಅಣ್ಣ," ಎಂದು ಕೂಗಿ ಹೋಗುತ್ತಿದ್ದಳು. ಅವಳ ಬೆರಳು ಓಡಿದವು. ಮಿಷಿನ್ನು ಏಳು ನಿಮಿಷವನ್ನು ಏಳು ನಿಮಿಷವೇ ತೆಗೆದುಕೊಂಡಿತು. ಬೆರಳು ಎಷ್ಟು ಓಡಿದರೇನು, ಮೇಜು ಚಿಕ್ಕದು. ನಾನು ಟೀ ಕುಡಿದೆ, ಅವಳಿಗೆ ತಲೆಯಾಡಿಸಿದೆ. ಎರಡು ತಿಂಗಳು, ಭಾನುವಾರ ಬಿಟ್ಟು ಪ್ರತಿದಿನ.

ಮೂರು ತಿಂಗಳು ತುಂಬಿದಾಗ ಕಂಪನಿಯವರು ಬರೆದರು: ಕೆಲಸ ಅಚ್ಚುಕಟ್ಟಾಗಿದೆ, ಆದರೆ ತುಂಬಾ ನಿಧಾನ, ಮುಂದುವರಿಸಲು ಆಗುವುದಿಲ್ಲ. ಅವಳು ಅದನ್ನು ಫೋನಿನಲ್ಲಿ ನನಗೆ ತೋರಿಸಿದಳು.

"ನೀವ್ ಏಳಿದ್ದೇ ಸರಿ ಅಣ್ಣ. ಕೈ ಕೂರ್ಲಿಲ್ಲ."

ನಾನು ಏನೆಂದೆ ಗೊತ್ತೇ? "ಬೇಜಾರ್ ಮಾಡ್ಕಬೇಡ, ಎಲ್ಲಾರ್ಗೂ ಎಲ್ಲಾ ಅತ್ತಲ್ಲ," ಎಂದೆ. ಸಮಾಧಾನ ಮಾಡಿದೆ! ಅವಳು ಅದಕ್ಕೆ ಥ್ಯಾಂಕ್ಸ್ ಹೇಳಿ ಹೋದಳು.

ಮಾರನೆಯ ವರ್ಷ ಅವಳನ್ನು ಯಳಂದೂರಿಗೆ ಕೊಟ್ಟರು. ಮದುವೆಗೆ ನಾನೂ ಹೋಗಿ ಉಂಡು ಬಂದೆ. ಅಲ್ಲಿ ಅವಳು ಅರ್ಜಿ ಹಾಕಿಕೊಡುವ ಒಂದು ಅಂಗಡಿಯಲ್ಲಿ ಕೂರುತ್ತಾಳೆ. ಜಾತಿ ಸರ್ಟಿಫಿಕೇಟು, ಪಹಣಿ, ಸ್ಕಾಲರ್‌ಶಿಪ್ಪು. ಅಂಥ ಕೆಲಸಕ್ಕೆ ಆ ಬೆಳ್ಳಿಯ ಮಿಷಿನ್ನು ಹೇಳಿ ಮಾಡಿಸಿದ ಹಾಗಿದೆ. ಕೀಲು ಇವತ್ತಿಗೂ ಗಟ್ಟಿ. ನನ್ನ ಲೆಕ್ಕದಲ್ಲಿ ನಾನು ಸರಿಯಾಗಿಯೇ ಆರಿಸಿದ್ದೆ. ಅದು ಒಂದು ದಿನವೂ ರಿಪೇರಿಗೆ ಬರಲಿಲ್ಲ.

ಈ ವರ್ಷ ಆ ಅಂಗಡಿಯ ಪ್ರಿಂಟರು ಕೆಟ್ಟಿತೆಂದು ಕರೆದರು, ಯಳಂದೂರಿಗೆ ಹೋದೆ. ಸುಗುಣ ನನ್ನನ್ನು ನೋಡಿ ಎದ್ದು, "ಬನ್ನಿ ಅಣ್ಣ," ಎಂದು ಕುರ್ಚಿ ಹಾಕಿದಳು. ನಾನು ಪ್ರಿಂಟರು ಬಿಚ್ಚಿಕೊಂಡು ಮೂಲೆಯಲ್ಲಿ ಕೂತೆ. ಬೆಟ್ಟದ ಮೇಲಿನ ಪೋಡಿನಿಂದ, ಎಂದರೆ ಸೋಲಿಗರ ಹಾಡಿಯಿಂದ, ಒಬ್ಬಳು ಹುಡುಗಿ ಬಂದಳು, ಪಿ.ಯು.ಸಿ. ಮುಗಿಸಿದವಳು. ಕಾಲೇಜಿಗೆ ಅರ್ಜಿ ಹಾಕಬೇಕಿತ್ತು. ಯಾವ ಕೋರ್ಸು ಎಂದು ತುಂಬುವ ಜಾಗ ಬಂದಾಗ ಆ ಹುಡುಗಿ ಕೇಳಿದಳು:

"ಅಕ್ಕ, ಕಂಪ್ಯೂಟ್ರುದು ತಕಂಡ್ರೆ ಮನೇಲೆ ಕೂತು ಕೆಲ್ಸ ಮಾಡ್ಬೋದಂತಲ್ಲ? ನಮ್ ಪೋಡಲ್ಲೂ ಈಗ ಟವರ್ ಬಂದದೆ."

ಸುಗುಣ ತಲೆ ಎತ್ತದೆ ಹೇಳಿದಳು, "ಬ್ಯಾಡ ಕಣವ್ವ. ನಾನೂ ಮಾಡಿ ನೋಡಿದ್ದೀನಿ. ನಮ್ಮಂತೋರ ತಲೆಗೆ ಅತ್ತಲ್ಲ ಅದು. ಬೇರೆ ಏನಾದ್ರೂ ತಕೋ."

ಹುಡುಗಿ, "ಊ ಅಕ್ಕ," ಎಂದಳು.

ಅದೇ 'ಊ'. ಅಪ್ಪನದು, ಸುಗುಣಳದು, ಈಗ ಈ ಹುಡುಗಿಯದು. ನಾನು ಆಡಿದ ಒಂದು ಸುಳ್ಳು ನನ್ನ ಕಣ್ಣ ಮುಂದೆಯೇ ಇನ್ನೊಂದು ತಲೆಗೆ ಇಳಿಯಿತು. ಅದಕ್ಕೆ ನನ್ನ ಹೆಸರೂ ಬೇಕಾಗಲಿಲ್ಲ.

ಆಗಲೂ ಬಾಯಿ ಬಿಡಲಿಲ್ಲ. ಇದನ್ನೂ ಬರೆಯುತ್ತೇನೆ. ಪ್ರಿಂಟರು ಕೂಡಿಸಿದೆ, ಒಂದು ಹಾಳೆ ತೆಗೆದು ತೋರಿಸಿದೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಕೊಳ್ಳೇಗಾಲದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಗುರುತಿನವನು, "ಅತ್ತು ಮಾದೇವಣ್ಣ, ಏನ್ ಮೂರ್ತ ನೋಡ್ತಿದ್ದೀಯಾ?" ಎಂದ. ಬಸ್ಸು ಹೋಯಿತು. ನಾನು ವಾಪಸು ನಡೆದೆ. ಧೈರ್ಯ ಬಂತು ಎಂದು ಹೇಳಲಾರೆ. ಆ ಹುಡುಗಿ ಅರ್ಜಿ ಮುಗಿಸಿ ಹೋಗಿಬಿಟ್ಟರೆ ಎಂಬ ಹೆದರಿಕೆ, ಅಷ್ಟೇ.

ಹೋಗಿರಲಿಲ್ಲ. ನಾನು ಕೂರದೆ, ನಿಂತೇ, ಇಬ್ಬರ ಮುಂದೆಯೂ ಹೇಳಿದೆ. ಮೈಸೂರಿನ ಅಂಗಡಿ, ಓದದೆ ಓದಿದೆನೆಂದದ್ದು, ಬೋರ್ಡಿಗೆ ಬೆಸೆದ ಚಿಪ್ಪು, ಹತ್ತು ಸ್ಕ್ರೂ. ಸುಗುಣ ಕೀಲಿಮಣೆಯಿಂದ ಕೈ ತೆಗೆದಳು.

"ಅಂಗಾರೆ ಆ ಏಳು ನಿಮ್ಷ?"

"ಮಿಷಿನ್ದು."

"ನಂದಲ್ಲ?"

"ಒಂದು ನಿಮ್ಷವೂ ನಿಂದಲ್ಲ."

"ನಾನು ಟೈಪಿಂಗ್ ಕ್ಲಾಸ್ಗೆ ಓಯ್ತಿದ್ದೆ. ನೀವು ಬಾಗ್ಲಲ್ಲಿ ನಿಂತು ಟೀ ಕುಡೀತಿದ್ರಿ."

"ಊ."

ಅವಳು ಅಳಲಿಲ್ಲ. ನನಗೆ ಅವಳು ಅತ್ತಿದ್ದರೆ ಸುಲಭವಾಗುತ್ತಿತ್ತು. ಹದಿನಾರು ಮೆಮೊರಿಯದು ಹೊಸದೊಂದನ್ನು ನಾನೇ ತಂದುಕೊಡುತ್ತೇನೆ ಎಂದೆ.

"ನೀವು ಆರ್ಸಿದ್ದು ನಂಗೆ ಬ್ಯಾಡ," ಎಂದಳು. "ನಾನೇ ಓದಿ ಆರ್ಸ್ಕತೀನಿ. ನಂಗೆ ಓದಕ್ಕೆ ಬತ್ತದೆ." ಆಮೇಲೆ ನನ್ನನ್ನು ನೆಟ್ಟಗೆ ನೋಡಿದಳು. "ಅವತ್ತು ನಾಕ್ ಜನದ ಮುಂದೆ ಅಂದ್ರಿ. ನಕ್ಕೋರು ನಕ್ಕಿದ್ರು. ಇವತ್ತು ನಮ್ಮೂರೋರು ಯಾರೂ ಇಲ್ದಿರೋ ಕಡೆ ಬಂದು ಏಳಿ ಓಯ್ತಿದ್ದೀರಲ್ಲ, ಅದೆಂಗೆ ಸರಿಯಾಯ್ತದೆ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಕುರ್ಚಿಯನ್ನು ಆ ಹುಡುಗಿಯ ಕಡೆಗೆ ತಿರುಗಿಸಿ, "ನಾನೀಗ ಏಳಿದ್ನಲ್ಲವ್ವ, ಅದು ಸುಳ್ಳು. ನಂಗೇ ಗೊತ್ತಿರ್ಲಿಲ್ಲ. ಕೂತ್ಕ, ಆ ಕೋರ್ಸ್‌ದು ಇನ್ನೊಂದ್ಸಲ ನೋಡವ," ಎಂದಳು. ನನ್ನನ್ನು ಹೋಗಿ ಎಂದೂ ಅನ್ನಲಿಲ್ಲ.

ಮಾರನೆಯ ದಿನ ಒಂದು ದೊಡ್ಡ ಹಾಳೆಯಲ್ಲಿ ನನ್ನ ಕೈಬರಹದಲ್ಲಿ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದೆ: 'ಚೌಡಯ್ಯನವರ ಮಗಳು ಸುಗುಣಳ ಕೈಯಲ್ಲಿ ಯಾವ ಕುಂದೂ ಇರಲಿಲ್ಲ. ನಾನು ಆರಿಸಿದ ಮಿಷಿನ್ನು ಆ ಕೆಲಸಕ್ಕೆ ಸಾಲದಾಗಿತ್ತು. ಅದನ್ನು ಬಿಚ್ಚಿ ನೋಡಿ ತಿಳಿದ ಮೇಲೂ ಸುಳ್ಳು ಹೇಳಿದೆ. — ಮಾದೇವ.' ಕೆಳಗೆ ರುಜು ಹಾಕಿದೆ. ಮೇಷ್ಟ್ರ ಮನೆಗೂ ಧನಗೆರೆಗೂ ಹೋಗಿ ಹೇಳಿ ಬಂದೆ. ಧನಗೆರೆಯವರಿಗೆ ಅಂಥದ್ದೊಂದು ನಡೆದದ್ದೇ ಮರೆತುಹೋಗಿತ್ತು. ಗುರುವಣ್ಣ ಹಾಳೆಯನ್ನು ಎರಡು ಸಲ ಓದಿ, "ಲೇ ಮಾದೇವ, ಇದನ್ನ ಇಲ್ಲಿ ಅಂಟ್ಸೋ ಬದ್ಲು ಅಂಗ್ಡೀನೇ ಮುಚ್ಬೋದಾಗಿತ್ತಲ್ಲೋ," ಎಂದ.

ಮುಚ್ಚುವುದಿಲ್ಲ. ಹಾಳೆಯನ್ನೂ ಕೀಳುವುದಿಲ್ಲ. ಎರಡು ಸಲ ಯಾರೋ ಹರಿದರು, ಎರಡು ಸಲವೂ ಮತ್ತೆ ಬರೆದು ಅಂಟಿಸಿದ್ದೇನೆ. ಬೀದಿ ಓದಿದ್ದು ಆ ನಾಲ್ಕು ಸಾಲು. ಪೂರ್ತಿ ಓದಬೇಕಾದವರಿಗಾಗಿ ಇದನ್ನು ಬರೆದೆ.

ಈಗ ಕೆಲವರು ಮರುಕದಿಂದ ಹೇಳುತ್ತಾರೆ — ಪಾಪ, ಓದಿಲ್ಲದವನು, ಅವನಿಗೇನು ಗೊತ್ತು ಸಾಫ್ಟ್‌ವೇರಿನ ವಿಚಾರ ಎಂದು. ಆ ಮರುಕವನ್ನು ನಾನು ಕಾಲಲ್ಲಿ ಒದೆಯುತ್ತೇನೆ. ಎಂಟನೇ ಕ್ಲಾಸಿಗೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಡಿಗ್ರಿ ಇದ್ದಿದ್ದರೂ ಆ ದಿನ ಆ ನಾಲ್ಕು ಜನರ ಮುಂದೆ ನಾನು ಅದೇ ಸುಳ್ಳನ್ನು ಹೇಳುತ್ತಿದ್ದೆ, ಇನ್ನೂ ಚೆಂದದ ಮಾತಿನಲ್ಲಿ ಹೇಳುತ್ತಿದ್ದೆ. ನನ್ನ ಬದುಕಿನಲ್ಲಿ ಎಲ್ಲವನ್ನೂ ನಾನೇ ದುಡಿದು ಮಾಡಿಕೊಂಡಿದ್ದೇನೆ. ಇದನ್ನೂ ನಾನೇ ಮಾಡಿದ್ದು. ನನ್ನಿಂದ ಇದನ್ನು ಕಿತ್ತುಕೊಂಡು ನನ್ನ ಶಾಲೆಯ ಮೇಲೋ ಬಡತನದ ಮೇಲೋ ಹೊರಿಸಬೇಡಿ.

ಸುಗುಣ ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳು ಹೊಸ ಮಿಷಿನ್ನು ಕೊಂಡಳಂತೆ, ಯಾವುದು ಎಂದು ನನಗೆ ಹೇಳಿಲ್ಲ. ಆ ಕಂಪನಿ ಈಗ ಅವಳನ್ನು ಕರೆಯುವುದಿಲ್ಲ. ನಾಲ್ಕು ವರ್ಷದಲ್ಲಿ ಆ ಕೆಲಸ ಎಲ್ಲಿಂದ ಎಲ್ಲಿಗೆ ಹೋಗಿದೆಯೋ, ಅವಳು ಮೊದಲಿನಿಂದ ಕಲಿಯಬೇಕು. ಕಲಿಯುತ್ತಿದ್ದಾಳೆ ಎಂದು ಚೌಡಯ್ಯನವರು ಬೀದಿಯಲ್ಲಿ ಯಾರಿಗೋ ಹೇಳುತ್ತಿದ್ದರು, ನನಗೆ ಕೇಳಿಸಲಿ ಎಂದೇ ಸ್ವಲ್ಪ ಗಟ್ಟಿಯಾಗಿ.

ಈಗ ನನ್ನ ಬಳಿ ಇರುವುದು: ಒಂದು ಅಂಗಡಿ. ಎರಡು ಮೇಜು, ಮೂರು ಕುರ್ಚಿ. ಒಂದು ಸೋಲ್ಡರಿಂಗ್ ಐರನ್. ರಿಪೇರಿಗೆ ಬಂದಿರುವ ಮಿಷಿನ್ನು ಆರು. ಯಾವುದನ್ನು ಕೊಳ್ಳಲಿ ಎಂದು ನನ್ನನ್ನು ಕೇಳಲು ಬಂದವರು, ಈ ಎರಡು ತಿಂಗಳಲ್ಲಿ, ಯಾರೂ ಇಲ್ಲ.